ಧರೆಗೆ ನಂಟು ಟೆರಾ ಅಲ್ಲ ಕಣ್ರೀ, ಫರ್ಮಾ

ಇವತ್ತು ಒಂದು ಉಪನ್ಯಾಸಕ್ಕೆ ಹೋಗಿದ್ದೆ. ಹೋಗಬಾರದಿತ್ತು.

ಮಾತಾಡುತ್ತಿದ್ದವರು ಬೋರ್ಡಿನ ಮೇಲೆ ದೊಡ್ಡದಾಗಿ 'ಟೆರಾ ಫರ್ಮಾ' ಅಂತ ಬರೆದರು. ಲ್ಯಾಟಿನ್ ಮಾತು, ಟೆರಾ ಅಂದರೆ ನೆಲ, ಫರ್ಮಾ ಅಂದರೆ ಗಟ್ಟಿ, ಒಟ್ಟಿಗೆ ಗಟ್ಟಿ ನೆಲ ಅಂತ ಅರ್ಥ ಅಂದರು. ಸರಿ. ಆಮೇಲೆ 'ಟೆರಾ' ಕೆಳಗೆ ಗೆರೆ ಎಳೆದು, ಪಕ್ಕದಲ್ಲಿ 'ಧರೆ' ಅಂತ ಬರೆದು, ಎರಡೂ ಒಂದೇ ಮೂಲದ ಪದ ಅಂತ ಹೇಳಿ, ಕೈಗಂಟಿದ ಸೀಮೆಸುಣ್ಣ ಒರೆಸಿಕೊಳ್ಳುತ್ತಾ ನಮ್ಮ ಕಡೆ ನೋಡಿದರು. ಚಪ್ಪಾಳೆಯೋ ಚಪ್ಪಾಳೆ.

ನಿಘಂಟು ಓದುವ ನನ್ನ ಚಟ ನಿಮಗೆ ಗೊತ್ತೇ ಇದೆ. ಮೈ ಉರಿಯಿತು. ಲ್ಯಾಟಿನ್ನಿನ ಟೆರಾ ಬಂದಿರುವುದು 'ಒಣಗು' ಅನ್ನುವ ಅರ್ಥದ ಹಳೇ ಬೇರಿನಿಂದ. ನೀರಲ್ಲದ್ದು, ಒಣಗಿದ್ದು, ಅದೇ ನೆಲ. ಅದೇ ಬೇರು ಸಂಸ್ಕೃತದಲ್ಲಿ 'ತೃಷೆ' ಆಗಿದೆ. ಗಂಟಲು ಒಣಗಿದರೆ ಬಾಯಾರಿಕೆ ತಾನೇ?

ಧರೆ ಬೇರೆ ಮನೆಯದು. ಹೊರುವುದು, ಹಿಡಿದು ನಿಲ್ಲಿಸುವುದು ಅನ್ನುವ 'ಧೃ' ಧಾತುವಿನದು. ಧರ್ಮವೂ ಅಲ್ಲಿಂದಲೇ. ಪದದ ಮೊದಲಲ್ಲಿ ಸಂಸ್ಕೃತದ 'ಧ' ಇರುವ ಕಡೆ ಲ್ಯಾಟಿನ್ನಿನಲ್ಲಿ 'ಫ' ಬರುತ್ತದೆ. ನಮ್ಮ ಧೂಮ ಅಲ್ಲಿ ಫೂಮುಸ್. ಹಾಗಾಗಿ ಧರೆಯ ನಿಜವಾದ ನಂಟ ಪಕ್ಕದಲ್ಲೇ ಕೂತಿದ್ದ, ಆ 'ಫರ್ಮಾ'! ಅದರ ಕಡೆ ಯಾರೂ ತಿರುಗಿಯೂ ನೋಡಲಿಲ್ಲ.

"ನೆಲ ಅಂದ್ರೆ ನೆಲ, ಬಿಡಿ ಸಾರ್" ಅಂದರು ಪಕ್ಕದವರು. ಬಿಡಬಹುದು. ಹಾಗಾದರೆ ಟೆರಾಬೈಟಿನ ಟೆರಾವನ್ನೂ ಧರೆಗೇ ಸೇರಿಸಿಬಿಡೋಣವಾ? ಅದು ಬಂದಿರುವುದು ರಾಕ್ಷಸ ಅನ್ನುವ ಅರ್ಥದ ಗ್ರೀಕ್ ಪದದಿಂದ. ಕಿವಿಗೆ ಒಂದೇ ಥರ ಕೇಳಿಸಿದ್ದೆಲ್ಲ ನೆಂಟರಾಗುವುದಿಲ್ಲ.

ಮಜಾ ಅಂದ್ರೆ 'ಟೆರಾ ಫರ್ಮಾ' ಅನ್ನುವ ಮಾತಿನ ಅಸಲಿ ಕಥೆ ಇನ್ನೂ ಚೆನ್ನಾಗಿದೆ. ವೆನಿಸ್ ನೀರಿನ ಮೇಲೆ ಕೂತ ಊರು. ಅಲ್ಲಿನ ಗಣರಾಜ್ಯದವರು ದಡದಾಚೆ ಇಟಲಿಯಲ್ಲಿ ತಮ್ಮ ಕೈಯಲ್ಲಿದ್ದ ಪಾದುವಾ, ವೆರೋನಾದಂಥ ಊರುಗಳ ಸೀಮೆಯನ್ನು 'ಟೆರಾಫೆರ್ಮಾ' ಅನ್ನುತ್ತಿದ್ದರು. ಇಂಗ್ಲಿಷಿಗೆ ಇದು 17ನೇ ಶತಮಾನದ ಶುರುವಿನಲ್ಲಿ ಬಂದಾಗಲೂ ಮೊದಲು ಆ ವೆನಿಸ್ ಸೀಮೆಯ ಹೆಸರೇ. ಸ್ಪೇನಿನವರಿಗೆ ಕೆರಿಬಿಯನ್ ದ್ವೀಪಗಳಾಚೆಯ ದಕ್ಷಿಣ ಅಮೆರಿಕದ ಕರಾವಳಿ 'ಟಿಯೆರಾ ಫಿರ್ಮೆ'. ಎರಡೂ ಕಡೆ ನೀರಿನಿಂದ ನೋಡಿದವರೇ ನೆಲಕ್ಕೆ ಗಟ್ಟಿ ಅಂತ ಹೆಸರಿಟ್ಟವರು. ಇದನ್ನು ಹೇಳಿದ್ದರೆ ನಾನೂ ಚಪ್ಪಾಳೆ ತಟ್ಟುತ್ತಿದ್ದೆ.

ಈಗ ತಪ್ಪೊಪ್ಪಿಗೆ. ಪಾಠ ಹೇಳುತ್ತಿದ್ದ ಕಾಲದಲ್ಲಿ ಈ 'ಟೆರಾ-ಧರೆ' ಜೋಡಿಯನ್ನು ನಾನೇ ಎಷ್ಟೋ ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಸಾರ್, 'ಟ' ಹೇಗೆ 'ಧ' ಆಯ್ತು?" ಅಂತ ಕೇಳಿದ್ದ. "ಬೆಲ್ ಆಯ್ತು, ಕೂತ್ಕೋ" ಅಂದಿದ್ದೆ. ಬೆಲ್ ಆಗಿರಲಿಲ್ಲ.

ಇವತ್ತು ಕೊನೆಗೆ ನಾನೂ ಕೈ ಎತ್ತಿದೆ. "ಊಟಕ್ಕೆ ಹೊತ್ತಾಯಿತು" ಅಂದರು.