ಸಿಂಬೆಯ ಮೇಲೆ ಸಿಲಿಂಡರ್

ಬಾಲಿಯ ತುಲಂಬೆನ್‌ನಲ್ಲಿ ಸ್ಕೂಬಾ ಡೈವ್ ಮುಗಿಸಿ ದಡಕ್ಕೆ ಬಂದಾಗ ಗೈಡ್ ಕೇಳಿದ, "ಆ ಹಳದಿ ಚಿಟ್ಟೆ ಮೀನಿಗೆ ನಿಮ್ಮ ಭಾಷೆಯಲ್ಲಿ ಏನಂತೀರಿ?" ನನಗೆ ಗೊತ್ತಿರಲಿಲ್ಲ. ಹುಟ್ಟಿ ಬೆಳೆದದ್ದು ಭಟ್ಕಳದಲ್ಲಿ. ಬಂಗಡೆ, ತಾರ್ಲೆ, ಇಸ್ವಾಣ ಅಂತ ನಿದ್ದೆಯಲ್ಲೂ ಹೇಳುತ್ತೇನೆ. ಅವೆಲ್ಲ ತಿನ್ನುವ ಮೀನು. ಚಿಟ್ಟೆ ಮೀನು ನಮ್ಮ ನೇತ್ರಾಣಿ ದ್ವೀಪದಲ್ಲೂ ಇದೆ, ಆದರೆ ಹೆಸರು ಗೊತ್ತಿಲ್ಲ. ಸಿಂಗಾಪುರಕ್ಕೆ ವಾಪಸ್ ಬಂದರೂ ಆ ನಾಚಿಕೆ ಹೋಗಿಲ್ಲ.

ತುಲಂಬೆನ್ ಅಂದರೆ ಅಗುಂಗ್ ಜ್ವಾಲಾಮುಖಿಯ ಬುಡದ ಹಳ್ಳಿ. ದಡದ ತುಂಬ ಕರಿ ಕಲ್ಲು. 1942ರಲ್ಲಿ ಜಪಾನಿನ ಟಾರ್ಪಿಡೊ ತಗುಲಿದ ಅಮೆರಿಕದ ಲಿಬರ್ಟಿ ಹಡಗನ್ನು ಇಲ್ಲಿ ದಡ ಹತ್ತಿಸಿದ್ದರು. 1963ರಲ್ಲಿ ಅಗುಂಗ್ ಸಿಡಿದಾಗ ಅದು ಜಾರಿ ನೀರಿಗಿಳಿಯಿತು. ಹವಳಕ್ಕೆ ಹಿಡಿದುಕೊಳ್ಳಲು ಗಟ್ಟಿ ಜಾಗ ಬೇಕು. ಆ ಕಬ್ಬಿಣವೇ ಸಿಕ್ಕಿತು. ಬೆಳಗಿನ ಜಾವ ಇಳಿದರೆ ಹಣೆ ಉಬ್ಬಿದ ದೊಡ್ಡ ಗಿಳಿಮೀನುಗಳ ಹಿಂಡೇ ಎದುರಾಗುತ್ತದೆ. ಕೆಳಗೆ ಕರಿ ಮರಳಲ್ಲಿ ಗಾರ್ಡನ್ ಈಲ್ ಎಂಬ ಹಾವಿನಂಥ ಮೀನುಗಳು ಗದ್ದೆಯ ಪೈರಿನ ಹಾಗೆ ತೂಗುತ್ತಿರುತ್ತವೆ. ಹತ್ತಿರ ಹೋದರೆ ಎಲ್ಲವೂ ಬಿಲದೊಳಗೆ.

ಆದರೆ ನನ್ನ ಮನಸ್ಸಲ್ಲಿ ಉಳಿದವರು ಅಲ್ಲಿನ ಹೆಂಗಸರು. ತಲೆಗೆ ಸಿಂಬೆ ಇಟ್ಟು, ಅದರ ಮೇಲೆ ಡೈವ್‌ಗೆ ಬಂದವರ ಗಾಳಿ ತುಂಬಿದ ಸಿಲಿಂಡರ್ ಹೊತ್ತು, ಆ ಉರುಟು ಕಲ್ಲುಗಳ ಮೇಲೆ ಸಲೀಸಾಗಿ ನಡೆಯುತ್ತಾರೆ. ನಮ್ಮೂರಲ್ಲಿ ಅದೇ ಸಿಂಬೆ ಮೇಲೆ ಮೀನಿನ ಬುಟ್ಟಿ. ಅಲ್ಲಿ ಬದುಕಿರುವ ಮೀನು ದಿನಾ ಊರಿಗೆ ಕೂಲಿ ಕೊಡುತ್ತದೆ. ನಮ್ಮಲ್ಲಿ ಸತ್ತ ಮೀನಿಗೆ ಮಾತ್ರ ಬೆಲೆ. ಮುರ್ಡೇಶ್ವರದಿಂದ ನೇತ್ರಾಣಿಗೆ ಹೋದಾಗಲೂ ನೋಡಿದೆ. ಇಳಿದವರು ಕ್ಯಾಮೆರಾಗೆ ಕೈ ಬೀಸಿ ಮೇಲೆ ಬಂದರು. ಏನು ಕಂಡಿತು ಅಂದರೆ, "ಮೀನು" ಅಂದರು, ಅಷ್ಟೇ. ಅಷ್ಟು ದೂರ ಹೋಗಿ ಇಷ್ಟೇನಾ ಅಂತ ಹೊಟ್ಟೆ ಉರಿಯಿತು.

ಹಾಗಂತ ಆ ಬುಟ್ಟಿಯನ್ನು ನಾನು ಹಳಿಯಲಾರೆ. ಅದೇ ನಮ್ಮನ್ನು ಸಾಕಿದ್ದು. ತುಲಂಬೆನ್‌ನವರೂ ಮೀನು ತಿನ್ನುತ್ತಾರೆ. ಕಡಲು ಗೊತ್ತಿರುವವರು ನಮ್ಮಲ್ಲಿ ಇಲ್ಲ ಅಂದರೂ ತಪ್ಪಾಗುತ್ತದೆ. ಮೊನ್ನೆ ದೋಣಿಯ ಮಾವನಿಗೆ ಚಿಟ್ಟೆ ಮೀನಿನ ಫೋಟೊ ಕಳಿಸಿದೆ. ಕೂಡಲೇ ಫೋನ್ ಮಾಡಿದರು. "ಇದು ಕಲ್ಲಿನ ಸಂದಿಯದ್ದು, ತಮಾ. ಅಪರೂಪಕ್ಕೆ ಬಲೆಗೆ ಬೀಳ್ತದೆ, ವಾಪಸ್ ನೀರಿಗೇ ಬಿಡ್ತೇವೆ." ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, "ನೀರೊಳಗೆ ಹೇಗೆ ಕಾಣ್ತದೆ ಇದು?"

ನಲವತ್ತು ವರ್ಷ ನೇತ್ರಾಣಿಯ ಸುತ್ತ ಬಲೆ ಬಿಟ್ಟವರು ಅವರು.