ನ್ಯಾಕ್ ಬಂತೇನ್ರಿ ಸರ?

ಹೀಗೆ ಕೇಳಿದವನು ಧಾರವಾಡದ ಸಪ್ತಾಪುರದ ಝೆರಾಕ್ಸ್ ಅಂಗಡಿಯ ಹುಡುಗ. ನಾನು ಎರಡೂ ಕೈಯಲ್ಲಿ ಬಾಕ್ಸ್ ಫೈಲ್ ಹಿಡಿದು ಬಂದದ್ದು ನೋಡಿಯೇ ಅವನಿಗೆ ಗೊತ್ತಾಗಿಬಿಟ್ಟಿತ್ತು. ನ್ಯಾಕ್ ಅಂದ್ರೆ ಕಾಲೇಜು, ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆದು ಮಾನ್ಯತೆ ಕೊಡುವ ಸಂಸ್ಥೆ.

ಮೂರು ವರ್ಷ ನಾನು ಒಂದು ಪದವಿ ಕಾಲೇಜಿನ ಐಕ್ಯೂಎಸಿ ಸಂಯೋಜಕನಾಗಿದ್ದೆ. ಕಾಲೇಜಿನ ಹೆಸರು ಬೇಡ ಬಿಡಿ. ಐಕ್ಯೂಎಸಿ ಅಂದ್ರೆ ಗುಣಮಟ್ಟ ನೋಡಿಕೊಳ್ಳುವ ಒಳಗಿನ ಕೋಶ. ಕಾಲೇಜಾದರೆ ಪ್ರಾಂಶುಪಾಲರು, ವಿಶ್ವವಿದ್ಯಾಲಯವಾದರೆ ಕುಲಪತಿ ಅದರ ಅಧ್ಯಕ್ಷರು. ಶಿಕ್ಷಕರು, ಆಡಳಿತ ಮಂಡಳಿಯವರು, ಆಫೀಸಿನವರು, ವಿದ್ಯಾರ್ಥಿಗಳು, ಹಳೇ ವಿದ್ಯಾರ್ಥಿಗಳು, ಊರಿನವರು ಎಲ್ಲರೂ ಅದರಲ್ಲಿ ಇರಬೇಕು. ಮೂರು ತಿಂಗಳಿಗೊಮ್ಮೆಯಾದರೂ ಸಭೆ ಸೇರಬೇಕು. ಕಾಗದದ ಮೇಲೆ ಇಷ್ಟು ಜನ. ಕೋಣೆಯಲ್ಲಿ ಇರುತ್ತಿದ್ದದ್ದು ನಾನು, ಇಬ್ಬರು ಅತಿಥಿ ಉಪನ್ಯಾಸಕರು, ಮತ್ತೆ ಮತ್ತೆ ಹಾಳೆ ನುಂಗುವ ಒಂದು ಪ್ರಿಂಟರ್.

ನ್ಯಾಕ್ ಆಗ ಕಾಲೇಜನ್ನು ಅಳೆಯುತ್ತಿದ್ದದ್ದು ಏಳು ಮಾನದಂಡಗಳಲ್ಲಿ. ಒಂದೊಂದಕ್ಕೆ ಒಬ್ಬ ಹಿರಿಯರು ಅಂತ ಆದೇಶ ಹೊರಟಿತು. ಕೇಳಿದಾಗಲೆಲ್ಲ "ನಾಳೆ ಕೊಡ್ತೀನ್ರಿ" ಅನ್ನುವ ಉತ್ತರ. ವನಮಹೋತ್ಸವಕ್ಕೆ ಸಾಕ್ಷಿ ಬೇಕು ಅಂದೆ. ಬಂದ ಫೋಟೋದಲ್ಲಿ ಒಂಬತ್ತು ಜನ ಅತಿಥಿಗಳು ಸಾಲಾಗಿ ನಿಂತಿದ್ದರು. ಗಿಡ ಎಲ್ಲಿ ಅಂತ ಹುಡುಕಿದರೆ ಒಬ್ಬರ ಪಂಚೆಯ ಹಿಂದೆ ಎರಡು ಎಲೆ ಕಂಡವು! ಫೋಟೋ ಎಲ್ಲಿ ತೆಗೆದದ್ದು ಅಂತ ತೋರಿಸುವ ಜಿಯೋ ಟ್ಯಾಗ್ ಅಂತೂ ಇರಲೇ ಇಲ್ಲ.

ನನಗೆ ಜಾಸ್ತಿ ಚುಚ್ಚಿದ್ದು ಬೇರೆ. ಮಂಜೂರಾದ ಹುದ್ದೆಗಳಲ್ಲಿ ಎಷ್ಟರ ಮೇಲೆ ಪೂರ್ಣಾವಧಿ ಶಿಕ್ಷಕರಿದ್ದಾರೆ ಅಂತ ನ್ಯಾಕ್ ಕೇಳುತ್ತಿತ್ತು. ಖಾಲಿ ಹುದ್ದೆ ಇದ್ದಷ್ಟೂ ಅಂಕ ಹೋಗುತ್ತಿತ್ತು. ಆ ಖಾಲಿ ಜಾಗದಲ್ಲಿ ಪಾಠ ಮಾಡುವವರೇ ರಾತ್ರಿ ಎಂಟರವರೆಗೆ ಕೂತು ಆ ಕೋಷ್ಟಕವನ್ನೂ ತುಂಬುತ್ತಿದ್ದರು. ಅದಕ್ಕೆ ಸಂಬಳವಿಲ್ಲ, ಪಿರಿಯಡ್‌ನಲ್ಲಿ ರಿಯಾಯಿತಿಯೂ ಇಲ್ಲ.

ದಾಖಲೆ ಹುಟ್ಟುವುದು ವಿಭಾಗದಲ್ಲಿ. ಅದನ್ನು ಆವತ್ತೇ ಬರೆದಿಡುವ ಹೊಣೆಯೂ ಅಲ್ಲೇ ಇರಬೇಕು ಅಲ್ವಾ? ಸಂಯೋಜಕನಿಗೆ ವಾರದ ಪಾಠ ಕಡಿಮೆ ಮಾಡಿ. ವಿಭಾಗದ ಮುಖ್ಯಸ್ಥರನ್ನು ಕೇಳುವ ಅಧಿಕಾರ ಕೊಡಿ. ನಾನು ಕಂಡದ್ದು ನ್ಯಾಕ್ ತಂಡ ಬರುವ ತಿಂಗಳು ಗೋಡೆಗೆ ಸುಣ್ಣ, ಹೋದ ಮೇಲೆ ಕೋಣೆಗೆ ಬೀಗ. ಗ್ರೇಡ್ ಸಾಮಾನ್ಯವಾಗಿ 5 ವರ್ಷ ನಡೆಯುತ್ತಿತ್ತು, ಆದರೆ ವರದಿ ಪ್ರತಿ ವರ್ಷ ಹಾಕಬೇಕಿತ್ತು. ಇದು ಎಷ್ಟೋ ಜನಕ್ಕೆ ನೆನಪೇ ಇರುತ್ತಿರಲಿಲ್ಲ.

ನಮಗೆ ಗ್ರೇಡ್ ಬಂತು. ಗೇಟಿಗೆ ಬ್ಯಾನರ್ ಬಿತ್ತು, ಪೇಡೆ ಹಂಚಿದರು, ಶಾಲು ಹೊದಿಸಿದರು. ಆ ಇಬ್ಬರು ಅತಿಥಿ ಉಪನ್ಯಾಸಕರಿಗೆ ಶಾಲಿಲ್ಲ. ಒಬ್ಬ ಮುಂದಿನ ವರ್ಷ ಹಾವೇರಿ ಕಡೆಯ ಕಾಲೇಜಿಗೆ ಹೋದ. ವಾರ್ಷಿಕ ವರದಿ ಹಾಕಲು ಕೂತರೆ ಪಾಸ್‌ವರ್ಡ್ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಪ್ರಾಂಶುಪಾಲರೇ ಅವನಿಗೆ ಫೋನ್ ಮಾಡಿದರು.

"ತಡೀರಿ ಸರ, ಕ್ಲಾಸಿನಾಗ ಅದೀನಿ" ಅಂದ.