ಖಾಲಿ ಇದ್ಯನಾ?

ನಾನು ದಿನಕ್ಕೆ ಒಂಬತ್ತು ಗಂಟೆ ಕೆಲಸ ಮಾಡುತ್ತೇನೆ. ಈ ವಿಷಯ ಗುರುಗ್ರಾಮದಲ್ಲಿರುವ ನನ್ನ ಮ್ಯಾನೇಜರ್‌ಗೆ ಗೊತ್ತು, ನನ್ನ ಬೆನ್ನುಮೂಳೆಗೆ ಗೊತ್ತು. ಶಿರಸಿ ಸೀಮೆಯ ನಮ್ಮೂರಿಗೆ ಮಾತ್ರ ಇನ್ನೂ ಗೊತ್ತಾಗಿಲ್ಲ. ಊರಿನ ಲೆಕ್ಕ ಸರಳ. ಕೆಲಸ ಇದ್ದವನು ಬೆಳಿಗ್ಗೆ ಬಸ್ಸು ಹತ್ತಬೇಕು, ಇಲ್ಲವೇ ತೋಟಕ್ಕೆ ಇಳಿಯಬೇಕು. ನಾನು ಎರಡೂ ಮಾಡದೆ ಮಾಳಿಗೆಯ ಮೇಲೆ ಕೂತು ಒಬ್ಬನೇ ಇಂಗ್ಲಿಷ್ ಮಾತಾಡುತ್ತೇನೆ. ಅಂಥವನನ್ನು ಕಂಡರೆ ಯಾರಾದರೂ ಕೇಳುವುದು ಒಂದೇ: "ತಮಾ, ಖಾಲಿ ಇದ್ಯನಾ?"

2020ರ ಮಾರಿಜಾತ್ರೆ ಮುಗಿಸಿ ಬೆಂಗಳೂರಿಗೆ ಹೋದವನು, ಆ ತಿಂಗಳು ಕಳೆಯುವುದರೊಳಗೆ ಲಾಕ್‌ಡೌನ್ ಅಂತ ಮೂರು ಅಂಗಿ ತುಂಬಿಕೊಂಡು ವಾಪಸ್ ಬಂದೆ. 21 ದಿನಕ್ಕೆ ಮೂರು ಅಂಗಿ ಸಾಕು ಅಲ್ವಾ? ಅಂಗಿ ಹರಿದುಹೋದವು. ನಾನು ಇಲ್ಲೇ ಉಳಿದೆ.

ನಮ್ಮ ಮನೆಗೆ ಇಂಟರ್ನೆಟ್ಟು ಬರುವುದು ಮರದಿಂದ ಮರಕ್ಕೆ ಜೋತುಬಿದ್ದ ಕೇಬಲ್ಲಿನಲ್ಲಿ. ಅಡಿಕೆ ಸೋಗೆ ಬಿದ್ದರೆ ನನ್ನ ಆಫೀಸು ಮುಚ್ಚಿತು. ಸೋಗೆಯಾದರೂ ದಿನಾ ಬೀಳುವುದಿಲ್ಲ. ಮಂಗಗಳು ದಿನಾ ಬರುತ್ತವೆ. ಅವಕ್ಕೆ ಆ ಕೇಬಲ್ಲು ಉಯ್ಯಾಲೆ. ಒಂದು ದಿನ ದೊಡ್ಡ ಗಂಡು ಮಂಗವೊಂದು ಮರಿಗಳಿಗೆ ಪಾಠ ಹೇಳಿಕೊಡುವವರ ಹಾಗೆ ಎರಡು ಸಲ ಜೀಕಿ ಮೂರನೆಯ ಸಲಕ್ಕೆ ತಂತಿ ಸಮೇತ ಕೆಳಗಿಳಿಯಿತು. ನಾನು ಗುಡ್ಡ ಹತ್ತಿ, ಮೊಬೈಲ್ ಸಿಗ್ನಲ್ ಹಿಡಿದು, 'ಮಂಕಿ ಪ್ರಾಬ್ಲಮ್' ಅಂತ ಮ್ಯಾನೇಜರ್‌ಗೆ ಮೆಸೇಜು ಹಾಕಿದೆ. ನಮ್ಮ ಕಸುಬಿನಲ್ಲಿ 'ಮಂಕಿ ಟೆಸ್ಟಿಂಗ್' ಅಂತ ನಿಜವಾಗಿಯೂ ಒಂದಿದೆ. ಸಾಫ್ಟ್‌ವೇರಿನ ಮೇಲೆ ಸಿಕ್ಕಸಿಕ್ಕ ಗುಂಡಿ ಒತ್ತಿ ಎಲ್ಲಿ ಕೆಡುತ್ತದೆ ಅಂತ ನೋಡುವುದು. ಅವರು ಅದೇ ಅಂದುಕೊಂಡರು. "ಟೆಸ್ಟಿಂಗ್ ಟೀಮಿಗೆ ಹೇಳಿದ್ದೇನೆ, ನೋಡಿಕೊಳ್ಳುತ್ತಾರೆ" ಅಂತ ಉತ್ತರ ಬಂತು. ಸಂಜೆವರೆಗೆ ಹೈದರಾಬಾದಿನಲ್ಲಿ ನಾಲ್ಕು ಜನ ನಮ್ಮ ಮಂಗವನ್ನು ಹುಡುಕುತ್ತಿದ್ದರು.

ಊರು ನನಗೆ ಕೊಟ್ಟಿರುವ ನಿಜವಾದ ಉದ್ಯೋಗ ಓಟಿಪಿಯದು. ಕೆಳಗಿನಮನೆ ದೊಡ್ಡಪ್ಪನ ಪಿಎಂ ಕಿಸಾನ್ ದುಡ್ಡು ನಿಂತಿತ್ತು. ವರ್ಷಕ್ಕೆ 6,000, ಎರಡೆರಡು ಸಾವಿರದ ಮೂರು ಕಂತು. ಇ-ಕೆವೈಸಿ ಆಗಬೇಕು. ಆಧಾರಿಗೆ ಜೋಡಿಸಿದ ನಂಬರು ಬೆಂಗಳೂರಿನ ಮಗನದು. ಅಲ್ಲಿಗೆ ಓಟಿಪಿ ಹೋಗುತ್ತದೆ, ಅವನು ಮೀಟಿಂಗಿನಲ್ಲಿರುತ್ತಾನೆ. ಅವನು ಹೊರಗೆ ಬರುವಾಗ ನಾನು ಮೀಟಿಂಗಿನಲ್ಲಿರುತ್ತೇನೆ. ಕೊನೆಗೆ ಒಂದು ಮಧ್ಯಾಹ್ನ ಮೂವರೂ ಕೂಡಿ ಬಂದೆವು. ಮಗ ಫೋನಿನಲ್ಲಿ ಅಂಕೆ ಹೇಳುವುದು, ದೊಡ್ಡಪ್ಪ ಕೇಳಿಸಿಕೊಂಡು ನನಗೆ ಹೇಳುವುದು. ದೊಡ್ಡಪ್ಪ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದ ಫೋನನ್ನು ಬಿಚ್ಚಿ, ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡರು. ಅವರು ನಮ್ಮ ಸೀಮೆಯ ತಾಳಮದ್ದಳೆಯ, ಅಂದರೆ ವೇಷ-ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದ, ಖಾಯಂ ಕೃಷ್ಣ. "ನಾಲ್ಕೂ..." ಅಂದರು. ಪದ್ಯ ಎತ್ತುಗಡೆ ಆದ ಹಾಗೆ ಸ್ವಲ್ಪ ನಿಲ್ಲಿಸಿದರು. "ಎರಡೂ..." ಆರನೆಯ ಅಂಕೆಗೆ ಬರುವಷ್ಟರಲ್ಲಿ ಓಟಿಪಿಯ ಆಯುಷ್ಯ ಮುಗಿದಿತ್ತು. ಚೀಟಿ ಇಲ್ಲದೆ ಎರಡು ತಾಸು ಪದ್ಯಕ್ಕೆ ಅರ್ಥ ಹೇಳುವ ಮನುಷ್ಯನಿಗೆ ಆರು ಅಂಕೆ ಬೇಗ ಹೇಳಲು ಬರುವುದಿಲ್ಲ. ನಾಲ್ಕನೆಯ ಪ್ರಯತ್ನಕ್ಕೆ ಆಯಿತು.

ಆ ಋಣಕ್ಕೋ ಏನೋ, ಶ್ರಾವಣದಲ್ಲಿ ಅವರ ಮನೆ ಪೂಜೆಯ ರಾತ್ರಿಯ ಸಂಧಾನ ಪ್ರಸಂಗಕ್ಕೆ ನನ್ನನ್ನು ವಿದುರ ಮಾಡಿದರು. ಹೈಸ್ಕೂಲಿನಿಂದಲೂ ತಾಳಮದ್ದಳೆ ಕೇಳುವ ಹುಚ್ಚು ನನಗೆ. ಕೇಳುವುದು ಬೇರೆ. ಹೇಳುವವನ ಬಾಯಲ್ಲಿ ಒಂದು ಇಂಗ್ಲಿಷ್ ಶಬ್ದ ಬಂತೋ, ಮುಂದಿನ ಸಾಲಿನ ಅಜ್ಜಂದಿರು ಎಲೆಯಡಿಕೆಯ ಕವಳ ಉಗಿಯಲು ಏಳುತ್ತಾರೆ. ನಾನೋ "ಅಮ್ಮಾ, ಲೈಟ್ ಆಫ್ ಮಾಡು" ಅನ್ನುವುದರಲ್ಲೇ ಎರಡು ಸಲ ಔಟ್. ಹದಿನೈದು ದಿನ ಅಭ್ಯಾಸ ಮಾಡಿದೆ. "ದೀಪ ಆರಿಸು" ಅಂದರೆ ಅಮ್ಮ ದೇವರ ಮುಂದಿನದನ್ನು ಆರಿಸಲೇ ಅಂತ ಗಾಬರಿಯಾದಳು.

ಅಭ್ಯಾಸ ಬೇರೆ ಕಡೆ ಸೋರಿತು. ಬೆಳಗಿನ ಕಾಲ್‌ನಲ್ಲಿ ಮ್ಯಾನೇಜರ್ ಒಂದು ಕೆಲಸ ಒಪ್ಪಿಸಿದಾಗ ಬಾಯಿಗೆ ಬಂದದ್ದು "ಅಪ್ಪಣೆ, ಸ್ವಾಮಿ". ನಮ್ಮ ತಂಡದಲ್ಲಿ ಚೆನ್ನೈ ಕಡೆಯ ಸ್ವಾಮಿಯೊಬ್ಬರಿದ್ದಾರೆ. ಅವರು ನಿದ್ದೆಯಿಂದ ಎದ್ದವರಂತೆ "ಯೆಸ್, ಯೆಸ್" ಅಂದರು. ಕೆಲಸ ಅವರ ಪಾಲಾಯಿತು. ನಾನು ಮಧ್ಯೆ ಬಾಯಿ ಹಾಕಲಿಲ್ಲ.

ಪೂಜೆಯ ರಾತ್ರಿ ಹೊರಗೆ ಮಳೆ, ಜಗುಲಿ ತುಂಬ ಜನ, ಕರೆಂಟು ಎಂದಿನಂತೆ ಇಲ್ಲ. ಕೌರವನ ಅರಮನೆಯ ಊಟ ಬಿಟ್ಟು ಕೃಷ್ಣ ವಿದುರನ ಗುಡಿಸಲಿಗೆ ಬರುತ್ತಾನೆ. ಮನೆಯಲ್ಲಿರುವುದು ಒಂದು ಕುಡಿತೆ ಹಾಲು. ಭಾಗವತರು ಪದ್ಯ ಮುಗಿಸಿದರು. ನಾನು ಕೈಮುಗಿದು ಶುರು ಮಾಡಿದೆ. ಎರಡು ನಿಮಿಷ ಚೆನ್ನಾಗಿಯೇ ಹೋಯಿತು. ಆಮೇಲೆ: "ದೇವಾ, ತಾವು ಬರುವ ವಿಚಾರ ಮೊದಲೇ ಅಪ್‌ಡೇಟ್ ಮಾಡಿದ್ದರೆ..."

ಮದ್ದಳೆಯವನ ಕೈ ಮದ್ದಳೆಯ ಮೇಲೆಯೇ ನಿಂತಿತು. ಮುಂದಿನ ಸಾಲಿನಲ್ಲಿ ಒಬ್ಬರು ಕವಳದ ಬಾಯಿ ಮುಚ್ಚಿಕೊಂಡು ಎದ್ದೇಬಿಟ್ಟರು. ನನ್ನ ಕಿವಿ ಬಿಸಿಯಾಯಿತು.

ದೊಡ್ಡಪ್ಪ ಮಾತ್ರ ಅಲುಗಲಿಲ್ಲ. ಶಾಲು ಸರಿಮಾಡಿಕೊಂಡು, ನಗುತ್ತಾ, "ವಿದುರಾ, ಹೇಳಿ ಕಳಿಸಿ ಬರುವವರು ನೆಂಟರು. ನನ್ನನ್ನು ನೆಂಟನ ಸಾಲಿಗೆ ಸೇರಿಸಬೇಡ. ಮ್ಲೇಚ್ಛ ಭಾಷೆಯೂ ಬೇಡ. ಹಾಲು ತಾ" ಅಂದರು. ಜಗುಲಿಗೆ ಜಗುಲಿಯೇ ನಕ್ಕಿತು. ಎದ್ದವರೂ ಕೂತರು.

ಭಾಗವತರು ಮುಂದಿನ ಪದ್ಯಕ್ಕೆ ತಾಳ ಹಾಕಿದರು. ಇನ್ನು ಕೌರವನ ಸಭೆಗೆ ಹೋಗಿ ಪಾಂಡವರಿಗೆ ಐದು ಊರು ಕೇಳಬೇಕಾದ ಕೃಷ್ಣ ನನ್ನ ಕಡೆ ಮೆಲ್ಲಗೆ ವಾಲಿ, ಶಾಲು ಬಾಯಿಗೆ ಅಡ್ಡ ಹಿಡಿದು ಕೇಳಿದ:

"ತಮಾ, ಆ ಎರಡು ಸಾವಿರ ಬಂತನಾ?"